ಸೇತುವೆಯ ಮೇಲೆ ಉಳಿದ ಒಂದು

ಆಫೀಸಿನಲ್ಲಿ ಎಲ್ಲರೂ ಅವಳನ್ನು ಅಕ್ಕ ಎಂದೇ ಕರೆಯುತ್ತಿದ್ದರು, ವಯಸ್ಸಿನಲ್ಲಿ ಅವಳಿಗಿಂತ ದೊಡ್ಡವರಾದ ಮುಖ್ಯ ಇಂಜಿನಿಯರ್ ಕೂಡ. ಅದರಲ್ಲಿ ಅರ್ಧ ಪ್ರೀತಿ, ಅರ್ಧ ಭಯ. ಇನ್ನೊಬ್ಬರು ಬರೆದದ್ದನ್ನು ನಂಬದಿರುವುದೇ ಅವಳ ಕೆಲಸವಾಗಿತ್ತು. ಯಂತ್ರಗಳನ್ನು ನಡೆಸುವ ಪ್ರೋಗ್ರಾಮುಗಳನ್ನು ಬೇರೆಯವರು ಬರೆಯುತ್ತಿದ್ದರು. ಅವು ಯಾವ ಗಳಿಗೆಯಲ್ಲೂ ತಪ್ಪು ಹೆಜ್ಜೆ ಇಡುವುದಿಲ್ಲ ಎಂದು ರುಜುವಾತು ಮಾಡಿ ಕೊಡುವುದು ಅವಳ ಪಾಲಿಗೆ ಬರುತ್ತಿತ್ತು. ಓಡಿಸಿ ನೋಡಿದೆವು, ಸರಿಯಾಗೇ ಓಡಿತು ಎಂದು ಯಾರಾದರೂ ಹೇಳಿದರೆ ಮೂಗು ಮುರಿಯುತ್ತಿದ್ದಳು. ನಿನ್ನೆ ಬೀಳದ ಗೋಡೆ ಇವತ್ತೂ ಬೀಳುವುದಿಲ್ಲ ಎಂದು ಗೋಡೆಯೇನು ಮಾತು ಕೊಟ್ಟಿದೆಯೇ ಎನ್ನುತ್ತಿದ್ದಳು.

ಒಂದೇ ಪ್ರೋಗ್ರಾಮಾದರೆ ಅದರ ದಾರಿ ಹಿಡಿದು ಹೋಗಬಹುದು. ಎರಡು ಮೂರು ಒಟ್ಟೊಟ್ಟಿಗೆ ಓಡತೊಡಗಿದರೆ ಕಷ್ಟ. ಒಂದು ಕೈ ಚಾಚಿದಾಗ ಇನ್ನೊಂದು ಎಲ್ಲಿರುತ್ತದೆ ಎಂದು ಬ್ರಹ್ಮನೂ ಹೇಳಲಾರ. ಅದಕ್ಕಾಗಿ ಆ ಆಫೀಸಿನಲ್ಲಿ ಒಂದು ಪದ್ಧತಿ ಇತ್ತು. ರುಜುವಾತು ಬರೆದವರು ಎದ್ದು ನಿಂತು ಅದನ್ನು ಸಾಲು ಸಾಲಾಗಿ ಗಟ್ಟಿಯಾಗಿ ಓದಬೇಕು. ಎದುರಿಗೆ ಕೂತವನು ಪ್ರತಿ ಸಾಲಿಗೂ ತಡೆದು, 'ಸರಿಯಾಗಿ ಈ ಗಳಿಗೆಗೇ ಇನ್ನೊಂದು ಓಡಿಬಂದರೆ?' ಎಂದು ಕೇಳಬೇಕು. ಇರುವುದರಲ್ಲೇ ಅತ್ಯಂತ ಕೆಟ್ಟ ಗಳಿಗೆಯನ್ನು ಹುಡುಕಿ ಅಲ್ಲೇ ಕಾಲು ಎಳೆಯುವುದು ಅವನ ಕೆಲಸ. ಆ ಕುರ್ಚಿಗೆ ವೈರಿ ಎಂದು ಹೆಸರು. ಈಗ ಅದರಲ್ಲಿ ಕೂತಿದ್ದವನು ಸದಾ ನೆಗಡಿಯಿಂದ ಮೂಗು ಒರೆಸಿಕೊಳ್ಳುವ, ಮನೆಯಲ್ಲಿ ಹೆಂಡತಿಯ ಎದುರು ಬಾಯಿಯೇ ಬಿಡದ ಸಾಧು ಮನುಷ್ಯ. ಆದರೂ ಕ್ಯಾಂಟೀನಿನವನಿಂದ ಹಿಡಿದು ಎಲ್ಲರೂ ಅವನನ್ನು ವೈರಿ ಎಂದೇ ಕೂಗುತ್ತಿದ್ದರು.

ಊರಿನ ಬಂದರಿನ ಕಾಲುವೆಗೆ ಹೊಸದಾಗಿ ಹಾಕಿದ ಕಾಲ್ಸೇತುವೆ ಅಕ್ಕನ ಕೈಯಿಂದ ಹೊರಬಂದ ಕೆಲಸಗಳಲ್ಲಿ ಅವಳಿಗೆ ತುಂಬ ಹೆಮ್ಮೆಯದು. ಜನ ನಡೆದು ದಾಟುವ ಸೇತುವೆ. ದೊಡ್ಡ ದೋಣಿ ಬಂದಾಗ ಮೇಲೆದ್ದು ದಾರಿ ಬಿಡುತ್ತದೆ. ಮೇಲೆ ಯಾರಾದರೂ ಇರುವಾಗ ಅದು ಏಳಬಾರದು, ಇಷ್ಟೇ ನಿಯಮ. ಎರಡು ತುದಿಗೂ ಒಬ್ಬೊಬ್ಬರನ್ನೇ ಬಿಡುವ ತಿರುಗುಗೇಟು. ಎರಡು ಗೇಟಿಗೂ ಬೇರೆ ಬೇರೆ ಪ್ರೋಗ್ರಾಮು, ಆದರೆ ಎಣಿಕೆ ಒಂದೇ. ಒಬ್ಬರು ಒಳಗೆ ಬಂದರೆ ಒಂದು ಕೂಡಬೇಕು, ಹೊರಗೆ ಹೋದರೆ ಒಂದು ಕಳೆಯಬೇಕು. ಎರಡೂ ಗೇಟುಗಳು ಒಂದೇ ಸಲಕ್ಕೆ ಎಣಿಕೆಗೆ ಕೈ ಹಾಕಿದರೆ ಒಬ್ಬರ ಲೆಕ್ಕ ನುಂಗಿಹೋಗುತ್ತದೆ. ಆದ್ದರಿಂದ ಪ್ರೋಗ್ರಾಮಿನೊಳಗೇ ಒಂದು ಕೀಲಿ ಇಟ್ಟಿದ್ದರು. ಕೀಲಿ ಯಾರ ಕೈಯಲ್ಲಿದೆಯೋ ಅವರು ಮಾತ್ರ ಎಣಿಕೆ ಮುಟ್ಟಬಹುದು. ಮುಟ್ಟಿ, ತಿದ್ದಿ, ಕೀಲಿಯನ್ನು ವಾಪಸು ಗೂಟಕ್ಕೆ ಸಿಕ್ಕಿಸಬೇಕು. ಕೀಲಿ ಗೂಟದಲ್ಲಿರುವಾಗಲೆಲ್ಲ ಒಂದು ಮಾತು ನಿಜವಾಗಿರಬೇಕು: ಎಣಿಕೆ ಎಷ್ಟೋ, ಒಳಗೆ ಬಂದು ಇನ್ನೂ ಹೊರಗೆ ಹೋಗದವರು ಅಷ್ಟೇ. ಇದಕ್ಕೆ ಅವರು ಕದಲದ ಮಾತು ಎನ್ನುತ್ತಿದ್ದರು. ಅದು ಕದಲುವುದಿಲ್ಲ ಎಂದು ಅಕ್ಕ ರುಜುವಾತು ಮಾಡಿದ್ದಳು.

ರುಜುವಾತಿನ ತಲೆಯ ಮೇಲೆ, ಮನೆ ಕಟ್ಟುವ ಮೊದಲು ನೆಲ ಗಟ್ಟಿಯಿದೆ ಎಂದುಕೊಳ್ಳುವ ಹಾಗೆ, ಒಂದು ನಂಬಿಕೆಯನ್ನು ಅವಳೇ ಬರೆದಿದ್ದಳು: ಒಳಗೆ ಬಂದವರು ಯಾವಾಗಲಾದರೂ ಗೇಟಿನಿಂದಲೇ ಹೊರಗೆ ಹೋಗುತ್ತಾರೆ. ವೈರಿ ಹೆಜ್ಜೆಗಳನ್ನು ತಡೆಯಬಹುದು, ನಂಬಿಕೆಗಳನ್ನು ತಡೆಯುವಂತಿಲ್ಲ. ತಡೆಯುವ ಮನಸ್ಸೂ ಅವನಿಗೆ ಇರಲಿಲ್ಲ. ಬಂದವರು ಹೋಗದೆ ಅಲ್ಲೇನು ಸಂಸಾರ ಹೂಡುತ್ತಾರೆಯೇ ಎಂದು ಅವನೇ ನಕ್ಕಿದ್ದ. ಎಲ್ಲರೂ ನಕ್ಕರು, ಅಕ್ಕನೂ ನಕ್ಕಳು.

ಒಂದು ದಿನ ಸಂಜೆ ಗಾಳಿ ಜೋರಾಗಿತ್ತು, ಕರೆಂಟು ಎರಡು ಮೂರು ಸಲ ಕಣ್ಣು ಮಿಟುಕಿಸಿತು. ಕೆಲಸ ಬಿಟ್ಟ ಜನವೆಲ್ಲ ದಾಟಿ ಮನೆ ಸೇರಿದ ಮೇಲೆ ಮರಳು ತುಂಬಿದ ದೋಣಿಯೊಂದು ಬಂದು ಸಿಳ್ಳೆ ಹಾಕಿತು. ಸೇತುವೆ ಏಳಲಿಲ್ಲ. ಕಾವಲುಗಾರ ಮುದುಕ ಗೂಡಿನಿಂದ ಕತ್ತು ಹೊರಗೆ ಹಾಕಿ ನೋಡಿದ. ಸೇತುವೆಯ ಮೇಲೆ ನರಪಿಳ್ಳೆಯೂ ಇರಲಿಲ್ಲ. ಗೇಟಿನ ಮೇಲೆ ಎಣಿಕೆ ತೋರಿಸುವ ಹಲಗೆಯಲ್ಲಿ ಮಾತ್ರ ಕೆಂಪು ಅಂಕಿ ಉರಿಯುತ್ತಿತ್ತು: ಒಂದು.

ಮಾರನೆಯ ದಿನವೂ ಹಾಗೇ. ಜನ ಬಂದಾಗ ಅಂಕಿ ಏರುತ್ತಿತ್ತು, ಹೋದಾಗ ಇಳಿಯುತ್ತಿತ್ತು. ಎಲ್ಲರೂ ಹೋದ ಮೇಲೆ ಸೊನ್ನೆಗೆ ಬರದೆ ಒಂದಕ್ಕೆ ಬಂದು ನಿಲ್ಲುತ್ತಿತ್ತು. ದೋಣಿಗಳು ಒಂದರ ಹಿಂದೊಂದು ಸಾಲುಗಟ್ಟಿದವು. ಸೇತುವೆ ಈಗ ದೆವ್ವಗಳನ್ನೂ ಎಣಿಸುತ್ತದಂತೆ ಎಂದು ಊರಿನವರು ಮೊದಲು ನಕ್ಕರು. ಆಮೇಲೆ ಕತ್ತಲಾಗುವ ಹೊತ್ತಿಗೆ ಅದರ ಮೇಲೆ ಒಬ್ಬೊಬ್ಬರೇ ನಡೆಯುವುದನ್ನು ಬಿಟ್ಟು ಇಬ್ಬರು ಮೂವರು ಜೊತೆಯಾಗಿ ದಾಟತೊಡಗಿದರು. ಗೂಡಿನಲ್ಲಿ ಕೂತ ಕಾವಲುಗಾರ ಕುರ್ಚಿಯನ್ನು ಸೇತುವೆಗೆ ಬೆನ್ನು ಬರುವಂತೆ ತಿರುಗಿಸಿಕೊಂಡ. ಬೆನ್ನು ಹಾಕಿದ ಮೇಲೆ ಇನ್ನೂ ಹೆಚ್ಚು ಹೆದರಿಕೆಯಾಗಿ ಮತ್ತೆ ಮುಂದಕ್ಕೆ ತಿರುಗಿಸಿದ.

ಗೇಟಿನ ತೋಳು, ತಂತಿ, ಕಣ್ಣು ಎಲ್ಲವನ್ನೂ ಬಿಚ್ಚಿ ನೋಡಿದರು. ಕೂದಲೆಳೆಯಷ್ಟೂ ದೋಷವಿರಲಿಲ್ಲ. ಮುಖ್ಯ ಇಂಜಿನಿಯರ್ ಪೊಲೀಸರನ್ನೂ ವಿಚಾರಿಸಿದರು. ಊರಿನಲ್ಲಿ ಯಾರೊಬ್ಬರೂ ಕಾಣೆಯಾಗಿರುವ ದೂರು ಬಂದಿರಲಿಲ್ಲ. ಹಾಗಾದರೆ ಉಳಿದದ್ದು ಒಂದೇ, ರುಜುವಾತಿನಲ್ಲೇ ತೂತಿದೆ ಎಂದು ಅವರು ಮೆಲ್ಲಗೆ ಹೇಳಿದರು. ಅಕ್ಕನಿಗೆ ಕೆನ್ನೆಗೆ ಹೊಡೆದಷ್ಟು ಅವಮಾನವಾಯಿತು. ಎಣಿಕೆಯನ್ನು ಕೈಯಿಂದ ಸೊನ್ನೆ ಮಾಡುವ ಗುಂಡಿ ಇತ್ತು, ಆದರೆ ರುಜುವಾತು ಬರೆದವರು ತಪ್ಪು ಎಲ್ಲಿದೆ ಎಂದು ತೋರಿಸಿದ ಹೊರತು ಅದನ್ನು ಒತ್ತುವಂತಿಲ್ಲ. ಆ ನಿಯಮವೂ ಅವಳದೇ. ತಪ್ಪು ಇದ್ದರಲ್ಲವೇ ತೋರಿಸುವುದು ಎಂದು ಅವಳು ಪಟ್ಟು ಹಿಡಿದಳು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವಳು ಎಂದು ಬೆನ್ನ ಹಿಂದೆ ಆಡಿಕೊಂಡರು.

ಮನೆಯಲ್ಲಿ ಅವಳೂ ತಾಯಿಯೂ, ಮದುವೆಯಾಗದ ತಮ್ಮನೂ. ತಮ್ಮ ಹಡಗುಗಳಿಗೆ ಬಣ್ಣ ಬಳಿಯುವವನು. ಬಣ್ಣ ಮುಗಿಯುವ ಮೊದಲೇ ಹಡಗು ಹೊರಟರೆ ಅದರ ಜೊತೆಗೇ ಹೋಗಿಬಿಡುತ್ತಿದ್ದ. ಹೇಳಿ ಹೋಗುವ ಅಭ್ಯಾಸ ಹುಟ್ಟಿನಿಂದಲೂ ಇರಲಿಲ್ಲ. ಫೋನು ಸಮುದ್ರದಲ್ಲಿ ಸತ್ತಿರುತ್ತಿತ್ತು. ವಾರಗಟ್ಟಲೆ ಕಳೆದು, ಕಿವಿಯ ಹಿಂದೆ ನೀಲಿ ಬಣ್ಣ ಅಂಟಿಸಿಕೊಂಡು ಬಂದು, ಹಸಿವು ಎಂದು ಕೂರುತ್ತಿದ್ದ. ಅವನು ಮನೆಗೆ ಬಾರದಿದ್ದರೆ ಯಾರೂ ಗಾಬರಿಯಾಗುತ್ತಿರಲಿಲ್ಲ. ಬರುವಾಗ ಬರುತ್ತಾನೆ ಎಂದು ತಾಯಿ ಅವನ ಹಾಸಿಗೆಯನ್ನು ಬಿಸಿಲಿಗೆ ಹಾಕಿ ತೆಗೆದಿಡುತ್ತಿದ್ದಳು.

ಆ ಸಲವೂ ಹಾಸಿಗೆ ಬಿಸಿಲಿಗೆ ಹೋಗಿತ್ತು. ಅಕ್ಕ ಊಟಕ್ಕೆ ಕೂತಿದ್ದಾಗ ತಾಯಿ ಕೋಣೆ ಗುಡಿಸುತ್ತ ಗೊಣಗಿದಳು.

"ಈ ಸಲ ಬ್ಯಾಗನ್ನೂ ಬಿಟ್ಟು ಹೋಗಿದಾನೆ ನೋಡು. ಬಾಗಿಲ ಹಿಂದೇನೇ ಬಿದ್ದಿದೆ. ಮರೆಗುಳಿ ಅಂದ್ರೆ ಮರೆಗುಳಿ."

ಅಕ್ಕನ ಕೈ ತಟ್ಟೆಯಲ್ಲೇ ನಿಂತಿತು. ಅವನು ಯಾವತ್ತು ಹೋದ ಎಂದು ಕೇಳಿದಳು. ಗಾಳಿ ಎದ್ದು ಕರೆಂಟು ಹೋಗಿ ಬಂದು ಮಾಡಿತಲ್ಲ, ಆ ಸಂಜೆಯಿಂದಲೇ ಕಂಡಿಲ್ಲ ಎಂದಳು ತಾಯಿ, ಕಸವನ್ನು ಮೊರಕ್ಕೆ ಎಳೆದುಕೊಳ್ಳುತ್ತ.

ತಮ್ಮನಿಗೆ ಒಂದು ಚಾಳಿ ಇತ್ತು. ಸೇತುವೆಯ ನಡುವೆ, ಎರಡು ಭಾಗಗಳು ಕೂಡುವಲ್ಲಿ, ಕಟಕಟೆ ಸ್ವಲ್ಪ ತಗ್ಗು. ಅಲ್ಲಿ ಹತ್ತಿ ಕೂತು ಕಾಲು ಇಳಿಬಿಟ್ಟುಕೊಂಡು ಕೆಳಗಿನ ದೋಣಿಯವರ ಜೊತೆ ಹರಟೆ ಹೊಡೆಯುತ್ತಿದ್ದ. ಕಾವಲುಗಾರ ಎಷ್ಟೋ ಸಲ ಬೈದು ಇಳಿಸಿದ್ದ. ಅಕ್ಕ ತಟ್ಟೆ ಸರಿಸಿದಳು. ಎದ್ದು ಬಾಗಿಲ ಹಿಂದಿನ ಬ್ಯಾಗನ್ನು ನೋಡಿ ಬಂದಳು. ಮುಟ್ಟಲಿಲ್ಲ.

ಆಮೇಲಿನ ದಿನಗಳಲ್ಲಿ ಆಫೀಸಿನವರು ಅಕ್ಕ ಬದಲಾದಳು ಎಂದುಕೊಂಡರು. ತಪ್ಪಿಲ್ಲ ಎಂದು ಹಟ ಹಿಡಿದಿದ್ದವಳು ಈಗ ಬೆಳಗಿನಿಂದ ಸಂಜೆಯವರೆಗೆ ತಪ್ಪನ್ನೇ ಹುಡುಕುತ್ತಿದ್ದಳು. ಅವರಿಗೆ ಗೊತ್ತಿರಲಿಲ್ಲ. ಎಣಿಕೆ ತಪ್ಪಿದ್ದರೆ ಸೇತುವೆ ಖಾಲಿ, ಮತ್ತು ತಮ್ಮ ಯಾವುದೋ ಹಡಗಿನಲ್ಲಿ ಬಣ್ಣ ಬಳಿಯುತ್ತಿದ್ದಾನೆ. ಎಣಿಕೆ ಸರಿಯಿದ್ದರೆ ಒಬ್ಬರು ಒಳಗೆ ಬಂದಿದ್ದಾರೆ, ಹೊರಗೆ ಹೋಗಿಲ್ಲ. ಜೀವಮಾನವಿಡೀ ತಪ್ಪಿಲ್ಲದ ಬರವಣಿಗೆಗೆ ಹೆಮ್ಮೆಪಟ್ಟವಳು ಈಗ ಒಂದೇ ಒಂದು ತಪ್ಪಿಗಾಗಿ ಹರಕೆ ಹೊರುವುದಷ್ಟೇ ಬಾಕಿ. ಪ್ರತಿ ಸಾಲನ್ನೂ ಬೆರಳಿಟ್ಟು ಓದಿದಳು. ಪ್ರತಿ ಸಾಲೂ ಗಟ್ಟಿಯಾಗಿ ನಿಂತಿತ್ತು. ಇಷ್ಟು ಚೆನ್ನಾಗಿ ಯಾಕೆ ಬರೆದೆ ಎಂದು ತನ್ನ ಮೇಲೆ ತನಗೇ ಸಿಟ್ಟು ಬಂತು.

ಕಡೆಗೆ ತಾನೇ ವೈರಿಯನ್ನು ಕೂರಿಸಿಕೊಂಡು ಎದ್ದು ನಿಂತು ಓದತೊಡಗಿದಳು. ಈ ಸಲ ಮರ್ಯಾದೆ ನೋಡಬೇಡ, ಎಲ್ಲಿ ಬೇಕಾದರೂ ಹೊಡೆ ಎಂದಳು. ಅವನು ಮೂಗು ಒರೆಸಿಕೊಳ್ಳುತ್ತ ಕೇಳುತ್ತಿದ್ದ. ಒಳಗೆ ಬರುವವರ ಹೆಜ್ಜೆ ಬಂದಾಗ ಕೈ ಎತ್ತಿದ. ಯಾರಾದರೂ ಗೇಟಿನ ಮುಂದೆ ನಿಂತ ಕೂಡಲೇ, ಅಪಾಯವಾಗದಿರಲಿ ಎಂದು, ಮೊದಲು ಎಣಿಕೆಗೆ ಒಂದು ಕೂಡುತ್ತದೆ, ಆಮೇಲೆ ತೋಳು ಸಡಿಲವಾಗುತ್ತದೆ.

"ಕೂಡಿಯಾಯ್ತು, ತೋಳು ಇನ್ನೂ ಬಿಟ್ಟಿಲ್ಲ. ಆ ಗಳಿಗೇಲೇ ಕರೆಂಟ್ ಹೋದ್ರೆ ಅಕ್ಕಾ? ನಿಂತಿದ್ದವನು ಬೇಜಾರಾಗಿ ವಾಪಸ್ ಹೋಗ್ತಾನೆ. ಲೆಕ್ಕ ಮಾತ್ರ ಒಳಗೇ ಉಳೀತು."

ಆ ಸಂಜೆ ಕರೆಂಟು ಹೋಗಿತ್ತು. ಹೋಗಿದ್ದು ಎಲ್ಲರಿಗೂ ನೆನಪಿತ್ತು. ಪಕ್ಕದ ಮೇಜಿನವರೆಲ್ಲ ಎದ್ದು ಬಂದರು. ಮುಖ್ಯ ಇಂಜಿನಿಯರ್ ವೈರಿಯ ಬೆನ್ನು ತಟ್ಟಿ, ನಾಳೆ ಮಧ್ಯಾಹ್ನ ಗುಂಡಿ ಒತ್ತಿ ದೋಣಿಗಳನ್ನು ಬಿಡೋಣ ಎಂದರು. ಸೋತವರ ಮುಖ ಹೇಗಿರುತ್ತದೆ ನೋಡೋಣ ಎಂದು ಎಲ್ಲರೂ ಅಕ್ಕನ ಕಡೆ ತಿರುಗಿದರೆ ಅವಳು ನಗುತ್ತಿದ್ದಳು, ಕಣ್ಣಲ್ಲಿ ನೀರು ಬರುವಷ್ಟು. ವೈರಿಗೆ ಚಹಾ ತಾನೇ ತಂದುಕೊಟ್ಟಳು.

ನಗುವಾಗಲೇ ಮನಸ್ಸಿನ ಒಂದು ಮೂಲೆಯಲ್ಲಿ ಏನೋ ಅಲುಗಾಡಿತು. ಅವಳು ಅತ್ತ ತಿರುಗಲಿಲ್ಲ. ಮನೆಗೆ ಹೋಗಿ ತಾಯಿ ಬಡಿಸಿದ್ದನ್ನೆಲ್ಲ ಉಂಡಳು, ಇನ್ನೂ ಸ್ವಲ್ಪ ಹಾಕು ಎಂದಳು. ಈ ಸಲ ತಮ್ಮ ಬಂದರೆ ಹೇಳದೆ ಹೋಗುವ ಚಾಳಿಗೆ ಚೆನ್ನಾಗಿ ಉಗಿಯಬೇಕು ಎಂದುಕೊಂಡಳು. ಉಗಿಯುವ ಮಾತುಗಳನ್ನೂ ಜೋಡಿಸಿಕೊಂಡಳು. ಆದರೂ ಆ ಮೂಲೆಯಲ್ಲಿ ಅದು ಕೂತೇ ಇತ್ತು, ಬಾಗಿಲ ಹೊರಗೆ ಬಂದು ನಿಂತು ಬಡಿಯದೆ ಕಾಯುವವರಂತೆ.

ಬೆಳಿಗ್ಗೆ ತಲೆ ಬಾಚಿಕೊಳ್ಳುವಾಗ ಅವಳು ಅದನ್ನು ಒಳಗೆ ಬಿಡಲೇಬೇಕಾಯಿತು. ಕರೆಂಟು ಹೋಗಿ ಬಂದ ಮೇಲೆ ಗೇಟು ತನ್ನ ಕೆಲಸ ಶುರುಮಾಡುವ ಮೊದಲು ಓಡುವ ಒಂದು ಪುಟ್ಟ ಪ್ರೋಗ್ರಾಮು ಇತ್ತು. ಎದ್ದ ತಕ್ಷಣ ಅದು ತೋಳನ್ನು ನೋಡುತ್ತದೆ. ಕೂಡಿದ ಮೇಲೆ ತೋಳು ತಿರುಗಿಲ್ಲವಾದರೆ ಆ ಒಂದನ್ನು ವಾಪಸು ಕಳೆಯುತ್ತದೆ. ವೈರಿ ಕೆಲಸಕ್ಕೆ ಸೇರುವ ಮೊದಲೇ, ಬೇರೊಂದು ಸೇತುವೆಗಾಗಿ ಅವಳೇ ರುಜುವಾತು ಮಾಡಿ ಇಟ್ಟಿದ್ದ, ಇಲ್ಲಿಗೂ ಹಾಗೇ ಬಂದ ತುಂಡು ಅದು. ಅದನ್ನು ಬರೆದವರೂ ಆಗ ವೈರಿಯ ಕುರ್ಚಿಯಲ್ಲಿದ್ದವರೂ ಈಗ ಬದುಕಿಲ್ಲ. ಅದು ಅಲ್ಲಿದೆ ಎಂದು ಭೂಮಿಯ ಮೇಲೆ ಗೊತ್ತಿದ್ದವಳು ಅವಳೊಬ್ಬಳೇ. ಅವಳು ಸುಮ್ಮನಿದ್ದರೆ ಮಧ್ಯಾಹ್ನ ಗುಂಡಿ ಒತ್ತುತ್ತಾರೆ, ದೋಣಿಗಳು ಹೋಗುತ್ತವೆ, ತಾಯಿ ಹಾಸಿಗೆಯನ್ನು ಬಿಸಿಲಿಗೆ ಹಾಕುತ್ತಿರುತ್ತಾಳೆ. ವರ್ಷಗಟ್ಟಲೆ ಹಾಕುತ್ತಿರುತ್ತಾಳೆ.

ಮಧ್ಯಾಹ್ನ ಅವಳೂ ವೈರಿಯೂ ಸೇತುವೆಗೆ ಹೋದರು. ಮುಖ್ಯ ಇಂಜಿನಿಯರ್ ಹಿಂದಿನಿಂದ ಬರುವವರಿದ್ದರು. ಕಾವಲುಗಾರ ಎರಡೂ ಕಡೆ ಹಗ್ಗ ಕಟ್ಟಿ ಜನರನ್ನು ನಿಲ್ಲಿಸಿದ್ದ. ಬಿಸಿಲಿನಲ್ಲಿ ಖಾಲಿ ಸೇತುವೆ ಬೆತ್ತಲೆಯಾಗಿ ಬಿದ್ದಿತ್ತು, ಕಟಕಟೆಯ ನೆರಳು ಕೂಡ ಅಲುಗುತ್ತಿರಲಿಲ್ಲ. ಹಲಗೆಯಲ್ಲಿ ಒಂದು. ಗುಂಡಿಯ ಪೆಟ್ಟಿಗೆಯ ಬೀಗ ತೆಗೆದು ವೈರಿ ಪಕ್ಕಕ್ಕೆ ಸರಿದು ನಿಂತ. ಅಕ್ಕ ಗುಂಡಿಯ ಹತ್ತಿರ ಹೋಗದೆ ಗೇಟಿನ ಹತ್ತಿರ ಹೋದಳು. ಒಂದು ಸಣ್ಣ ಪರೀಕ್ಷೆ ಇದೆ, ನಾನು ಗೇಟಿನ ಮುಂದೆ ನಿಲ್ಲುತ್ತೇನೆ, ಕೈ ಎತ್ತಿದ ಕೂಡಲೇ ಕರೆಂಟು ತೆಗೆಯಿರಿ, ಸ್ವಲ್ಪ ಬಿಟ್ಟು ಹಾಕಿರಿ ಎಂದು ಕಾವಲುಗಾರನಿಗೆ ಹೇಳಿದಳು.

"ಒಪ್ಪಿಗೆ ಆಗಿದೆಯಲ್ಲ ಅಕ್ಕಾ. ಇನ್ಯಾಕೆ?" ಎಂದ ವೈರಿ.

ಅವಳು ಗೇಟಿನ ಮುಂದಿನ ಕಬ್ಬಿಣದ ತಗಡಿನ ಮೇಲೆ ನಿಂತಳು. ಹಲಗೆಯಲ್ಲಿ ಒಂದು ಹೋಗಿ ಎರಡು ಬಂತು. ಕೈ ಎತ್ತಿದಳು. ಹಲಗೆ ಕಪ್ಪಾಯಿತು. ಅವಳು ಹಿಂದಕ್ಕೆ ಹೆಜ್ಜೆ ಇಟ್ಟು ತಗಡಿನಿಂದ ಇಳಿದಳು. ಕಾಲುವೆಯ ನೀರು ಕಂಬಗಳಿಗೆ ಬಡಿಯುವ ಸದ್ದು ಆಗ ಕೇಳಿಸಿತು; ಅದು ಮೊದಲಿನಿಂದಲೂ ಇದ್ದಿರಬೇಕು. ಕಾವಲುಗಾರ ಕರೆಂಟು ಹಾಕಿದ. ಕೆಂಪು ಅಂಕಿ ಮತ್ತೆ ಹೊತ್ತಿಕೊಂಡಿತು: ಎರಡು.

ಎರಡೇ ಇರಲಿ. ಅವಳು ಯಾವ ದೇವರನ್ನೂ ಹೆಸರು ಹಿಡಿದು ಕೇಳಲಿಲ್ಲ, ಆ ಅಂಕಿಯನ್ನೇ ಬೇಡಿಕೊಂಡಳು. ಎರಡಾಗಿಯೇ ಇರು. ನಾನು ದಡ್ಡಿ ಅಂತ ಊರೆಲ್ಲ ನಗಲಿ, ಇರುವ ಕೆಲಸವೂ ಹೋಗಲಿ, ನೀನು ಎರಡಾಗಿಯೇ ಇರು.

ಗೇಟಿನೊಳಗೆ ಏನೋ ಟಕ್ಕೆಂದಿತು. ಎರಡು ಅಳಿಸಿಹೋಗಿ ಒಂದು ಬಂತು.

ವೈರಿ ಬಾಯಿ ತೆರೆದು ನಿಂತಿದ್ದ. ತನ್ನ ತೂತು ತೂತೇ ಅಲ್ಲ ಎಂದು ಅವನಿಗೆ ಅರ್ಥವಾಗಿತ್ತು, ಆದರೆ ಗೆದ್ದವಳು ಯಾಕೆ ಹಾಗೆ ಕಂಬ ಹಿಡಿದು ಕುಸಿಯುತ್ತಿದ್ದಾಳೆ ಎಂದು ಅರ್ಥವಾಗಲಿಲ್ಲ. ಓಡಿಬಂದು ತೋಳು ಹಿಡಿದ.

"ರುಜುವಾತು ಸರಿಯಾಗೇ ಇದೆ ಕಣೋ," ಎಂದಳು. "ಒಬ್ಬರು ಬಂದಿದ್ದಾರೆ, ಹೋಗಿಲ್ಲ. ನೀರಲ್ಲಿ ಹುಡುಕಿಸು. ಸೇತುವೆ ಏಳದೆ ನಿಂತ ಸಂಜೆಯಿಂದ ನನ್ನ ತಮ್ಮ ಮನೆಗೆ ಬಂದಿಲ್ಲ."

ಸಾಲಿನಲ್ಲಿ ಕಾಯುತ್ತಿದ್ದ ದೋಣಿಯವರೇ ನೀರಿಗಿಳಿದರು. ಅಷ್ಟು ದಿನ ಸೇತುವೆಯನ್ನೂ ಅದನ್ನು ಕಟ್ಟಿದವರನ್ನೂ ಬಾಯಿಗೆ ಬಂದಂತೆ ಬೈದವರು ಈಗ ಒಂದು ಮಾತೂ ಆಡದೆ ಕೊಕ್ಕೆ, ಹಗ್ಗ ಹಿಡಿದು ಮುಳುಗಿ ಏಳುತ್ತಿದ್ದರು. ನಡುಕಂಬದ ಬುಡದಲ್ಲಿ ಹಳೆಯ ಕಬ್ಬಿಣದ ಸರಳುಗಳು ಹೆಣೆದುಕೊಂಡು ಬಿದ್ದಿದ್ದವು. ಅಲ್ಲಿ ಅವನು ಸಿಕ್ಕಿಕೊಂಡಿದ್ದ. ಹೊರಗೆ ತಂದು ಬಟ್ಟೆ ಮುಚ್ಚಿದರು. ಮುಚ್ಚುವ ಮೊದಲು ಅಕ್ಕ ನೋಡಿದಳು. ನೋಡಬಾರದಿತ್ತು ಎಂದು ಆಮೇಲೆ ಎಲ್ಲರೂ ಹೇಳಿದರು. ನೋಡದೆ ಅವಳು ಯಾವುದನ್ನು ನಂಬಿದವಳು?

ವೈರಿ ಹೋಗಿ ತಾಯಿಯನ್ನು ಕರೆತಂದ. ದಾರಿಯಲ್ಲಿ ಹೇಗೆ ಹೇಳಿದನೋ, ಎಷ್ಟು ಹೇಳಿದನೋ. ತಾಯಿ ದಡದಲ್ಲಿ ಮಗನ ಪಕ್ಕ ಕೂತು ಅತ್ತಳು. ಗಂಟಲು ಕಟ್ಟಿದ ಮೇಲೂ ಕೂತಿದ್ದಳು. ಬಿಸಿಲು ಇಳಿಯತೊಡಗಿತು. ಅವನನ್ನು ಒಯ್ಯುವ ಗಾಡಿ ಬಂದು ನಿಂತಿತ್ತು. ಹಿಂದಿನಿಂದ ಬಂದ ಮುಖ್ಯ ಇಂಜಿನಿಯರ್ ಅಕ್ಕನ ಬಳಿ ನಿಂತು ತಡವರಿಸುತ್ತ ಹೇಳಿದರು. ಅವನು ಗೇಟಿನಿಂದ ಹೊರಗೆ ಹೋಗಿಲ್ಲವಾದ್ದರಿಂದ ಎಣಿಕೆ ತಾನಾಗಿ ಇಳಿಯುವುದಿಲ್ಲ. ಗುಂಡಿ ಒತ್ತಬೇಕು, ಒತ್ತಬೇಕಾದವಳು ಅವಳೇ. ಇವತ್ತೇ ಆಗಬೇಕೆಂದೇನೂ ಇಲ್ಲ ಎಂದರು. ದೋಣಿಯವರು ಯಾರೂ ಅವಸರ ಮಾಡಲಿಲ್ಲ.

ಅವಳು ಇವತ್ತೇ ಆಗಲಿ ಎಂದು ಎದ್ದಳು. ತಾಯಿಯೂ ಎದ್ದು, ಮಗಳ ಭುಜ ಹಿಡಿದು ಜೊತೆಗೆ ಬಂದಳು. ಗೇಟಿನ ಬಳಿ ಬಂದು ತಾಯಿ ತಲೆಯೆತ್ತಿ ಹಲಗೆಯನ್ನು ನೋಡಿದಳು. ಮಗಳ ಕೆಲಸ ಏನೆಂದು ಅವಳಿಗೆ ಯಾವತ್ತೂ ತಿಳಿದಿರಲಿಲ್ಲ, ತಿಳಿಯುವ ಗೋಜಿಗೂ ಹೋಗಿರಲಿಲ್ಲ.

"ಅದು ಇವನೇನಾ?" ಎಂದು ಕೇಳಿದಳು.

"ಹೂಂ ಅಮ್ಮ."

"ಇಷ್ಟು ದಿನವೂ ಹೀಗೇ ತೋರಿಸ್ತಿತ್ತಾ?"

"ಹೂಂ."

ತಾಯಿ ಸೆರಗಿನಿಂದ ಮುಖ ಒರೆಸಿಕೊಂಡು ಮತ್ತೆ ನೋಡಿದಳು.

"ಹೆತ್ತವಳು ನಾನು, ಅವ್ನು ಊರಲ್ಲಿಲ್ಲ ಅಂತ ನೆಮ್ಮದಿಯಾಗಿ ನಿದ್ದೆ ಮಾಡ್ದೆ. ಇಲ್ಲೇ ಇದಾನೆ, ಇಲ್ಲೇ ಇದಾನೆ ಅಂತ ಹೇಳ್ತಾ ಇದ್ದಿದ್ದು ಇದೊಂದೇ."

ಅಕ್ಕನ ಬೆರಳು ಗುಂಡಿಯ ಮೇಲಿತ್ತು. ತಪ್ಪು ತೋರಿಸಿದ ಹೊರತು ಒತ್ತುವಂತಿಲ್ಲ ಎಂಬುದು ಅವಳದೇ ನಿಯಮ, ಮತ್ತು ಎಣಿಕೆಯಲ್ಲಿ ತಪ್ಪಿರಲಿಲ್ಲ. ಇನ್ನೂ ಸ್ವಲ್ಪ ಹೊತ್ತು ಇರಲಿ ಎಂದು ತಾಯಿ ಹೇಳಿದ್ದರೆ ಅವಳು ಕೈ ತೆಗೆಯುತ್ತಿದ್ದಳು. ತಾಯಿ ಹೇಳಲಿಲ್ಲ. ಅಕ್ಕ ಒತ್ತಿದಳು. ಹಲಗೆಯಲ್ಲಿ ಸೊನ್ನೆ ಬಂತು, ಗೇಟುಗಳು ಬೀಗ ಹಾಕಿಕೊಂಡವು, ಸೇತುವೆ ನಡುವಿನಿಂದ ಬಿಚ್ಚಿಕೊಂಡು ಮೆಲ್ಲಗೆ ಮೇಲೆದ್ದಿತು. ಅದರ ಮೇಲೆ ಯಾರೂ ಇಲ್ಲ ಎಂದು ಅವಳಿಗೆ ಖಾತ್ರಿಯಾಗಿ ಗೊತ್ತಿತ್ತು. ಆದರೂ ತಾಯಿಯೂ ಮಗಳೂ ಒಬ್ಬರ ಕೈ ಒಬ್ಬರು ಹಿಡಿದುಕೊಂಡು, ಯಾರಾದರೂ ಜಾರಿ ಬಿದ್ದಾರು ಎಂಬಂತೆ, ಅದು ಪೂರ್ತಿ ನಿಲ್ಲುವವರೆಗೂ ನೋಡುತ್ತಲೇ ಇದ್ದರು.